ಹಾರ್ಡ್ ಡಿಸ್ಕಿನೊಳಗಿನ ಮಗ್ಗ

ನಮ್ಮ ಮನೆಯ ಲ್ಯಾಪ್‌ಟಾಪಿಗೆ ಹೊಟ್ಟೆ ತುಂಬಿಹೋಗಿದೆಯಂತೆ. ಇನ್ನೊಂದು ಫೋಟೊ ಹಾಕಿದರೂ ಹಿಡಿಯುವುದಿಲ್ಲವಂತೆ. ಮಗಳು ಸಿಂಧು ಇದನ್ನು ಹೇಳಿದ ರೀತಿ ನೋಡಿದರೆ, ಹಾಗೆ ತುಂಬಿಸಿದವನು ನಾನೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು ನಾನು. ಗಿರಾಕಿಗಳು ಬಿಟ್ಟುಹೋದ ಭಜನೆಯ ಕ್ಯಾಸೆಟ್ಟು, ಯಾರದೋ ಊರಿನ ನಾಟಕ, ಹರಿಕಥೆ, ನೆಂಟರಿಷ್ಟರ ಮದುವೆಯ ವಿಡಿಯೊ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕಂಪ್ಯೂಟರಿಗೆ ಏರಿಸಿಟ್ಟಿದ್ದೇನೆ. ಕೇಳುವುದು ಕಡಿಮೆ, ಇಡುವುದು ಹೆಚ್ಚು. ನಮ್ಮಮ್ಮ ಹರಿದ ಸೀರೆಯ ಸೆರಗು, ಅಂಚು ಕತ್ತರಿಸಿ ಟ್ರಂಕಿನಲ್ಲಿ ಇಡುತ್ತಿದ್ದಳು. ಯಾವುದಕ್ಕಮ್ಮಾ ಎಂದರೆ, "ಇರ್ಲಿ ಬಿಡೋ, ಅನ್ನ ಕೇಳುತ್ತಾ ಅದು?" ಎನ್ನುತ್ತಿದ್ದಳು. ಆ ರಕ್ತವೇ ನನ್ನದೂ.

ಸಿಂಧು ಒಂದು ಹಾರ್ಡ್ ಡಿಸ್ಕ್ ತರಿಸಿದಳು. ಹೊರಗಿನಿಂದ ವೈರಿನಲ್ಲಿ ಸಿಕ್ಕಿಸುವಂಥದ್ದು. ಕಡೇ ಪಕ್ಷ ಒಂದು ಇಟ್ಟಿಗೆಯಷ್ಟಾದರೂ ಇರಬಹುದೆಂದು ನಾನು ಮೇಜಿನ ಮೇಲೆ ಜಾಗ ಬಿಡಿಸಿಟ್ಟಿದ್ದೆ. ಬಂದದ್ದು ನಮ್ಮಜ್ಜಿಯ ಎಲೆಯಡಿಕೆ ಡಬ್ಬಿಗಿಂತ ಚಿಕ್ಕದು.

"ಇದ್ರೊಳಗೆ ಎಲ್ಲಾ ಹಿಡಿಯುತ್ತೇನೇ?"

"ನಿನ್ನ ಅಂಗಡೀನೂ ಹಿಡಿಯುತ್ತೆ, ನಿನ್ನೂ ಹಿಡಿಯುತ್ತೆ. ಸುಮ್ನೆ ಕೂತ್ಕೊಳಪ್ಪ."

ಕೂತೆ. ಪರದೆಯ ಮೇಲೆ ಒಂದು ಹಸಿರು ಗೆರೆ ತೆವಳತೊಡಗಿತು. ಇನ್ನು ಮೂರು ಗಂಟೆ ಎಂದು ತೋರಿಸಿತು. ಕಾಫಿ ಕುಡಿದು ಬರುವಷ್ಟರಲ್ಲಿ ನಲವತ್ತು ನಿಮಿಷಕ್ಕೆ ಇಳಿದಿತ್ತು. ಸಂತೋಷಪಟ್ಟುಕೊಂಡು ಕನ್ನಡಕ ಒರೆಸಿ ನೋಡಿದರೆ ಐದು ಗಂಟೆಗೆ ಏರಿತ್ತು. ಹಿಂದೆ ತೂಬಗೆರೆ ಬಸ್ಸಿನ ಕಂಡಕ್ಟರು ಹೀಗೆಯೇ ಇದ್ದ. "ಇನ್ನು ಹತ್ತೇ ನಿಮಿಷ, ಹೊರಟ್ವಿ" ಎಂದು ಹೇಳಿ ತಿಂಡಿಗೆ ಹೋಗುತ್ತಿದ್ದ. ಕಂಪ್ಯೂಟರಿಗೆ ಈ ವಿದ್ಯೆ ಯಾರು ಕಲಿಸಿದರೋ.

"ಎಲ್ಲಾ ಕಾಪಿ ಆದ್ಮೇಲೆ ಲ್ಯಾಪ್‌ಟಾಪಲ್ಲಿರೋದನ್ನ ಡಿಲೀಟ್ ಮಾಡ್ಬಿಡ್ತೀನಿ," ಎಂದಳು ಸಿಂಧು.

"ಬೇಡ!" ಎಂದೆ. ನಾನು ಕೂಗಿದ ರಭಸಕ್ಕೆ ಅಡುಗೆಮನೆಯಿಂದ ನನ್ನ ಹೆಂಡತಿ ಇಣುಕಿ ನೋಡಿದಳು. "ಪೂರ್ತಿ ಕೇಳಿ ನೋಡೋ ತನಕ ಹಳೇದನ್ನ ಮುಟ್ಟಕೂಡದು."

"ಸಾವಿರಾರು ಫೈಲಿದೆ ಅಪ್ಪ! ಯಾರು ಕೂತ್ಕೊಂಡು ಕೇಳ್ತಾರೆ?"

ನಾನು ಮೇಜಿನ ಡ್ರಾಯರ್ ಎಳೆದು ಒಂದು ಕಂಡಿಕೆ ತೆಗೆದು ಅವಳ ಕೈಗಿಟ್ಟೆ. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ, ನೂಲು ಸುತ್ತಿದ ಸಣ್ಣ ಮರದ ಕಡ್ಡಿ. ಇದಕ್ಕೆ ಸುತ್ತಿದ್ದದ್ದು ನೂಲಲ್ಲ, ಕಂದು ಬಣ್ಣದ ಕ್ಯಾಸೆಟ್ ಟೇಪು. ಒಂದೇ ಬಿಗಿಯಲ್ಲಿ, ಒಂದೆಳೆಯೂ ಎಡವದ ಹಾಗೆ ಸುತ್ತಿದ್ದು.

"ಇದೇನಪ್ಪಾ ಇದು?"

"ಇದೂ ಒಂದು ಹಾರ್ಡ್ ಡಿಸ್ಕೇ. ಕಾಪಿ ಆಯ್ತಲ್ಲ, ಇನ್ಯಾಕೆ ಅಂತ ನಾನು ಬಿಟ್ಟುಕೊಟ್ಟಿದ್ದು."

ಹಸಿರು ಗೆರೆ ಆಗ ಎರಡು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ದೊಡ್ಡಬಳ್ಳಾಪುರದವರು ಜೋರಾಗಿ ಮಾತಾಡುತ್ತಾರೆಂದು ಹೊರಗಿನವರ ದೂರು. ಹೆಣ್ಣು ನೋಡಲು ಬಂದವರು, "ಇವರ ಮನೇಲಿ ಎಲ್ರೂ ಜಗಳ ಆಡ್ತಿದ್ರು" ಎಂದುಕೊಂಡು ಹೋದದ್ದೂ ಉಂಟು. ನಾವು ಆಡುತ್ತಿದ್ದದ್ದು ಉಪ್ಪಿಟ್ಟಿಗೆ ಸಕ್ಕರೆ ಬೇಕೇ ಎಂಬ ಮಾತು. ನಮ್ಮದು ನೇಕಾರರ ಬೀದಿ. ನಮ್ಮ ಮನೆಯ ಹಿಂದುಗಡೆ ಒಂದೇ ಗೋಡೆಯಾಚೆ ಅಪ್ಪನ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಎಡಗಡೆ ಮನೆಯಲ್ಲಿ ಆರು, ಎದುರಿಗೆ ಎಂಟು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರಲ್ಲ, ನಾವು ಸಂತೆಯಲ್ಲೇ ಹುಟ್ಟಿದವರು. ನಮ್ಮ ಬೀದಿಯ ತೊಟ್ಟಿಲ ಕೂಸುಗಳು ಮಗ್ಗ ಓಡುವಾಗ ಮಲಗಿ, ಕರೆಂಟು ಹೋದರೆ ಬೆಚ್ಚಿಬಿದ್ದು ಅಳುತ್ತಿದ್ದವು.

ನಮ್ಮಜ್ಜಿ, ಅಂದರೆ ಅಪ್ಪನ ಅಮ್ಮ, ಸೋಬಾನೆ ಹಾಡುವುದರಲ್ಲಿ ಹೆಸರಾದವಳು. ಹಸೆಗೆ ಕರೆಯುವ ಹಾಡು, ಅರಿಶಿನ ಕುಟ್ಟುವ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು, ಎಲ್ಲವೂ ಅವಳ ಬಾಯಲ್ಲೇ ಇದ್ದವು. ಅಕ್ಷರ ಬಾರದು. "ನಂಗೆ ಓದು ಬಂದಿದ್ರೆ ಇಷ್ಟೊಂದು ನೆನಪಿಟ್ಕೊಳೋಕೆ ತಾಪತ್ರಯ ಯಾಕೆ ಪಡ್ತಿದ್ದೆ, ಬರ್ದಿಟ್ಟು ಮರ್ತುಬಿಡ್ತಿದ್ದೆ," ಎನ್ನುತ್ತಿದ್ದಳು. ನಾನು ಇವತ್ತು ಆಡುವ ಮಾತಿನಲ್ಲಿ ಏನಾದರೂ ರುಚಿಯಿದ್ದರೆ ಅದು ಅವಳು ಕಂಡಿಕೆ ಸುತ್ತುತ್ತ ಕೂತಾಗ ಪಕ್ಕದಲ್ಲಿ ಕೂತು ಕದ್ದದ್ದು. ಅಂಥ ಅಜ್ಜಿಗೆ ಗಂಟಲಲ್ಲಿ ಗಂಟಾಗಿ, ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಜೀವ ಉಳಿಯಿತು, ದನಿ ಹೋಯಿತು. ಆಮೇಲೆ ಅವಳ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ಕೈಸನ್ನೆಯಲ್ಲೇ ಮನೆ ನಡೆಸುತ್ತಿದ್ದಳು, ಬೈಗುಳವೂ ಕೈಯಲ್ಲೇ. ಅದು ಬಾಯಿಯ ಬೈಗುಳಕ್ಕಿಂತ ಸ್ಪಷ್ಟವಾಗಿರುತ್ತಿತ್ತು.

ಒಂದೇ ಪುಣ್ಯವೆಂದರೆ, ದನಿ ಹೋಗುವ ಮೊದಲು ತೂಬಗೆರೆ ಚಿಕ್ಕಪ್ಪ ಅಜ್ಜಿಯ ಹಾಡುಗಳನ್ನು ಟೇಪ್ ಮಾಡಿಕೊಂಡಿದ್ದ. ಚಿಕ್ಕಪ್ಪ ಅಪ್ಪನ ತಮ್ಮನೇ, ಆದರೆ ಮಾವನ ಮನೆಯ ದ್ರಾಕ್ಷಿ ತೋಟ ನೋಡಿಕೊಂಡು ತೂಬಗೆರೆಯಲ್ಲೇ ನಿಂತವನು. ತೋಟದ ಬೇವಿನ ಮರದಡಿ ಅಜ್ಜಿಯನ್ನು ಕೂರಿಸಿ, ರೇಡಿಯೊ ಟೇಪು ಎರಡೂ ಇದ್ದ ತನ್ನ ಪೆಟ್ಟಿಗೆಯನ್ನು ಅವಳ ಮುಂದಿಟ್ಟು ಎರಡು ಕ್ಯಾಸೆಟ್ ತುಂಬ ಹಾಡಿಸಿದ್ದ. ಹಿಂದೆ ಒಂದು ಕೋಗಿಲೆ, ಒಮ್ಮೆ ಕರುವಿನ ಗಂಟೆ, ಇಷ್ಟು ಬಿಟ್ಟರೆ ಬರೀ ಅಜ್ಜಿಯ ದನಿ.

ಇದು ತೊಂಬತ್ತರ ದಶಕದ ಆರಂಭದ ಮಾತು. ನಮ್ಮಕ್ಕ ಸರೋಜಳಿಗೆ ಮದುವೆ ಗೊತ್ತಾಯಿತು. ಗಂಡಿನ ಮನೆ ಸೂಲಿಬೆಲೆ. ಅವರೂ ನಮ್ಮವರೇ, ಆದರೆ ಮಗ್ಗ ಬಿಟ್ಟು ಎರಡು ತಲೆಮಾರಾಗಿತ್ತು. ಬಟ್ಟೆ ಅಂಗಡಿ, ನಾಲ್ಕು ಎಮ್ಮೆ, ಸ್ವಲ್ಪ ಹೊಲ. ಮದುವೆಯ ಮಾತುಕತೆಯೆಲ್ಲ ಮುಗಿದು ಎಲೆಯಡಿಕೆ ಬದಲಾಯಿಸಿದ ಮೇಲೆ ಅಕ್ಕ ಒಂದು ಪಟ್ಟು ಹಿಡಿದಳು.

"ಅಜ್ಜಿ ಹಾಡಿಲ್ದೆ ನಾನು ಹಸೆಗೆ ಕೂರಲ್ಲ."

"ಅಜ್ಜಿ ಎಲ್ಲಿಂದ ಹಾಡ್ತಾರೆ ಕಣೇ?" ಎಂದಳು ಅಮ್ಮ.

"ಚಿಕ್ಕಪ್ಪನ ಹತ್ರ ಕ್ಯಾಸೆಟ್ ಇದ್ಯಲ್ಲ. ಅದನ್ನ ಹಾಕಿ. ನಮ್ಮನೇಲಿ ಅಷ್ಟು ಹೆಣ್ಮಕ್ಳ ಮದುವೆಗೂ ಅಜ್ಜಿ ಹಾಡಿದ್ದಾಳೆ. ನನ್ನ ಮದುವೆಗೆ ಮಾತ್ರ ಯಾರ್ಯಾರೋ ಹಾಡ್ಬೇಕಾ?"

ಚಿಕ್ಕಪ್ಪ ಕ್ಯಾಸೆಟ್ಟುಗಳನ್ನು ತಂದುಕೊಟ್ಟ. ಹಾಕಿದರೆ ಐದು ನಿಮಿಷಕ್ಕೊಮ್ಮೆ ಟೇಪು ಸಿಕ್ಕಿಹಾಕಿಕೊಳ್ಳುತ್ತಿತ್ತು. ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಅದರ ಹಲ್ಲು ಸವೆದಿತ್ತು. ಮದುವೆಯ ದಿನ ಅಜ್ಜಿ "ಬಾರೆ" ಎಂದು ಶುರುಮಾಡಿ ರಾಗದ ಮಧ್ಯೆ ಎಮ್ಮೆ ದನಿಗೆ ತಿರುಗಿದರೆ ಏನು ಗತಿ? ಹೊಸ ಕ್ಯಾಸೆಟ್ಟಿಗೆ ಇಳಿಸಲೇಬೇಕಾಗಿತ್ತು. ಪೇಟೆಯ ಕ್ಯಾಸೆಟ್ ಅಂಗಡಿಯವನು ಟೇಪಿನ ಸ್ಥಿತಿ ನೋಡಿ, "ಇದನ್ನ ಹಾಕಿದ್ರೆ ನನ್ನ ಮಿಷನ್ನೇ ಕೆಡುತ್ತೆ ಗುರು, ಬೇಡ," ಎಂದು ಕೈಮುಗಿದ.

ಅಷ್ಟೇ ಸಾಕಾಯಿತು ನನಗೆ. ನಾನು ಆಗ ಇಪ್ಪತ್ತರ ಜಾಣ. ಅಂಚೆಯ ಮೂಲಕ ರೇಡಿಯೊ ರಿಪೇರಿ ಕಲಿಯುತ್ತಿದ್ದೆ. ತಿಂಗಳಿಗೊಂದು ಪಾಠ ಕವರಿನಲ್ಲಿ ಬರುತ್ತಿತ್ತು. ಒಂದು ಟೇಪ್‌ರೆಕಾರ್ಡರಿನಿಂದ ಇನ್ನೊಂದಕ್ಕೆ ವೈರು ಕೊಟ್ಟು ಇಳಿಸುವುದು ಹೇಗೆಂಬ ಪಾಠ ಅಕ್ಕನ ಮದುವೆಯಾದ ಎರಡು ತಿಂಗಳಿಗೆ ಬಂದು ತಲುಪಿತು. ಅದು ಬರುವ ತನಕ ಕಾಯುವ ಜಾಯಮಾನ ನನ್ನದಲ್ಲ. "ಎರಡು ಟೇಪ್‌ರೆಕಾರ್ಡರ್ ಎದುರುಬದುರು ಇಡೋದು. ಒಂದು ಹಾಡುತ್ತೆ, ಇನ್ನೊಂದು ಕೇಳಿಸ್ಕೊಳುತ್ತೆ. ಅಷ್ಟೇ ತಾನೆ?" ಎಂದೆ. ಮನೆಯಲ್ಲಿ ಎಲ್ಲರೂ ತಲೆದೂಗಿದರು. ತಜ್ಞನೊಬ್ಬ ಮನೆಯಲ್ಲೇ ಇರುವಾಗ ಅವರಿಗೇನು ಯೋಚನೆ.

ಶಿವರಾತ್ರಿ ಕಳೆದ ವಾರ ಒಂದು ಮಧ್ಯಾಹ್ನ ನಡುಮನೆಯಲ್ಲಿ ಈ ಯಜ್ಞ ನಡೆಯಿತು. ನಿಶ್ಶಬ್ದವಾಗಿರಬೇಕೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಅಮ್ಮ ಕೈಬಳೆಗಳನ್ನು ಸೀರೆಯ ಸೆರಗಿನಿಂದ ಬಿಗಿದು ಕಟ್ಟಿಕೊಂಡಳು. ಕುಕ್ಕರ್ ಇಡಲಿಲ್ಲ, ಅಂದು ಊಟಕ್ಕೆ ಅವಲಕ್ಕಿ. ಗೋಡೆ ಗಡಿಯಾರದ ಲೋಲಕವನ್ನು ಹಿಡಿದು ನಿಲ್ಲಿಸಿದೆ. ಪಕ್ಕದ ಮನೆಯ ಹುಂಜವನ್ನು ಬುಟ್ಟಿಯಡಿ ಕವುಚಿ ಮೇಲೆ ಗೋಣಿಚೀಲ ಹೊದೆಸಿ ಬಂದೆ. ಅಜ್ಜಿ ತನ್ನ ಎಲೆಯಡಿಕೆ ಕುಟ್ಟಾಣಿಯನ್ನು ತಾನೇ ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಅಪ್ಪ ಬೀದಿಬಾಗಿಲಲ್ಲಿ ಕೂತು, ಬಂದ ಸೊಪ್ಪಿನವಳನ್ನೂ ಪಾತ್ರೆ ವ್ಯಾಪಾರಿಯನ್ನೂ ತುಟಿಯ ಮೇಲೆ ಬೆರಳಿಟ್ಟು ಹಾಗೇ ಸಾಗಹಾಕುತ್ತಿದ್ದ. ಅಕ್ಕನಿಗೆ ಸೀನು ಬಂತು. ಮೂಗು ಹಿಡಿದುಕೊಂಡು ಹಿತ್ತಲಿಗೆ ಓಡಿದಳು. ಒಂದು ಮಗ್ಗುಲಿಗೆ ಮುಕ್ಕಾಲು ಗಂಟೆಯಂತೆ ನಾಲ್ಕು ಮಗ್ಗುಲು, ನಾನು ಉಸಿರು ಬಿಗಿಹಿಡಿದು ಟೇಪು ಸಿಕ್ಕಿಕೊಂಡಾಗಲೆಲ್ಲ ಬಿಡಿಸುತ್ತ ಕೂತಿದ್ದೆ. ನಮ್ಮ ಮನೆ ಅಷ್ಟು ಮೌನವಾಗಿದ್ದದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಮುಗಿದ ಮೇಲೆ ಅಲ್ಲೇ ಹಾಕಿ ಕೇಳಿದೆವು. ಅಜ್ಜಿಯ ದನಿ ಚೆನ್ನಾಗಿ ಬಂದಿತ್ತು. ಸಿಕ್ಕು ಇಲ್ಲ, ಎಳೆತ ಇಲ್ಲ. ಅಜ್ಜಿ ತನ್ನ ದನಿಯನ್ನು ತಾನೇ ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟಳು. ಅಪ್ಪ ಕೂಡ, "ಪರವಾಗಿಲ್ಲ, ಅಂಚೇಲಿ ಏನೋ ಒಂದು ಬಂದಿದೆ ನಿಂಗೆ," ಎಂದ. ನಮ್ಮಪ್ಪನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರೂ ಕೇಳಿಲ್ಲ. ಹೊಸ ಕ್ಯಾಸೆಟ್ಟುಗಳು ಸವೆಯಬಾರದೆಂದು ಅಮ್ಮ ಅವಕ್ಕೆ ಕುಂಕುಮ ಹಚ್ಚಿ ಧಾರೆ ಸೀರೆಯ ಜೊತೆ ಟ್ರಂಕಿನಲ್ಲಿಟ್ಟಳು.

ಅಜ್ಜಿಯನ್ನು ಕೆಲವು ದಿನದ ಮಟ್ಟಿಗೆ ತೂಬಗೆರೆಗೆ ಕರೆದುಕೊಂಡು ಹೋಗಲು ಚಿಕ್ಕಪ್ಪ ಬಂದಾಗ ಹಳೆಯ ಕ್ಯಾಸೆಟ್ಟುಗಳನ್ನು ಕೈಗಿಟ್ಟು, "ಕಾಪಿ ಆಯ್ತು ಚಿಕ್ಕಪ್ಪ. ಇನ್ನು ಇದು ಕೆಲಸಕ್ಕೆ ಬರಲ್ಲ, ಏನಾದ್ರೂ ಮಾಡ್ಕೊಳಿ," ಎಂದೆ. ಈ ಮಾತನ್ನು ನಾನೇ ಆಡಿದ್ದು. ಬೇರೆಯವರ ಮೇಲೆ ಹಾಕಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ.

ಮದುವೆಗೆ ಎಂಟು ದಿನವಿತ್ತು. ಅಕ್ಕನ ಗೆಳತಿಯರು ಮೂರು ಜನ ಬಂದು, "ಅಜ್ಜಿ ಹಾಡು ಕೇಳಿಸೇ ಸರೋಜ," ಎಂದು ಪೀಡಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಎದುರುಮನೆಯ ಕೂಸು ಅಳತೊಡಗಿತು. ನೇಕಾರರು ಒಬ್ಬೊಬ್ಬರಾಗಿ ಬೀಡಿ ಹುಡುಕುತ್ತ ಜಗಲಿಗೆ ಬಂದರು. ಅಪ್ಪ ಕಂಬಕ್ಕೆ ಒರಗಿ ಕೂತ. ಬಿಸಿಲಿಗಿಟ್ಟು ಜೀವ ಬರಿಸಿದ ಸೆಲ್ಲುಗಳನ್ನು ಟೇಪ್‌ರೆಕಾರ್ಡರಿಗೆ ತುಂಬಿ, ನಾನು ಕುಂಕುಮದ ಕ್ಯಾಸೆಟ್ಟೊಂದನ್ನು ಹಾಕಿ ಗುಂಡಿ ಒತ್ತಿದೆ.

ಅಜ್ಜಿ ಹಾಡುವ ಮೊದಲೇ ಮಗ್ಗ ಓಡಿತು.

ಖಟಕ್ ಪಟಕ್, ಖಟಕ್ ಪಟಕ್. ಅಪ್ಪ ಎದ್ದು ನಿಂತ. "ಯಾವನ್ಲಾ ಅವ್ನು, ಕರೆಂಟಿಲ್ದೆ ಮಗ್ಗ ಓಡಿಸ್ತಿರೋನು!" ಎನ್ನುತ್ತ ಹಿಂದಿನ ಶೆಡ್ಡಿಗೆ ಓಡಿದ. ಅವನ ಹಿಂದೆ ಜಗಲಿಯಲ್ಲಿದ್ದ ನಾಲ್ಕೈದು ಜನ. ಶೆಡ್ಡಿನಲ್ಲಿ ಮಗ್ಗಗಳು ನಿಂತಲ್ಲೇ ನಿಂತಿದ್ದವು. ಲಾಳಿ ಅರ್ಧದಾರಿಯಲ್ಲಿತ್ತು. ಶಬ್ದ ಮಾತ್ರ ನಿಂತಿಲ್ಲ. ಒಬ್ಬ ಮಗ್ಗವನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡ. ಅಪ್ಪ ಗೋಡೆಗೆ ಕಿವಿಯಿಟ್ಟ, ನಡುಮನೆಗೆ ಬಂದ, ಬಗ್ಗಿ ಟೇಪ್‌ರೆಕಾರ್ಡರಿಗೆ ಕಿವಿಯಿಟ್ಟ. ನಿಧಾನವಾಗಿ ತಲೆಯೆತ್ತಿ ನನ್ನನ್ನೇ ನೋಡಿದ.

"ಲೇ ಸೀನ. ಹುಂಜದ ಬಾಯಿ ಮುಚ್ಚಿಸ್ದೆ. ಗಡಿಯಾರ ನಿಲ್ಲಿಸ್ದೆ. ನಿಮ್ಮಮ್ಮನ ಬಳೆ ಕಟ್ಟಿಸ್ದೆ." ಹಿಂದಿನ ಗೋಡೆಯ ಕಡೆ ಬೆರಳು ತೋರಿಸಿ ಕೇಳಿದ, "ಮಗ್ಗ?"

ಅಷ್ಟು ಜನರಲ್ಲಿ ಒಬ್ಬರಿಗೂ ಅಂದು ಮಗ್ಗ ನಿಲ್ಲಿಸಬೇಕೆಂದು ಹೊಳೆದಿರಲಿಲ್ಲ. ಅಪ್ಪನಿಗೂ ಹೊಳೆದಿರಲಿಲ್ಲ, ಅದಕ್ಕೇ ಅವನು ಹೆಚ್ಚು ಬೈಯಲಿಲ್ಲ. ಮಗ್ಗದ ಸದ್ದನ್ನು ನಾವು ಸದ್ದೆಂದು ಲೆಕ್ಕಕ್ಕೆ ಇಟ್ಟವರೇ ಅಲ್ಲ. ಇಳಿಸಿದ ದಿನ ಕೇಳಿ ನೋಡಿದಾಗಲೂ ಗೋಡೆಯಾಚೆ ನಿಜವಾದ ಮಗ್ಗ ಓಡುತ್ತಲೇ ಇತ್ತು. ಕ್ಯಾಸೆಟ್ಟಿನ ಮಗ್ಗ ಅದರಲ್ಲಿ ಸೇರಿಹೋಗಿತ್ತು. ನಾಲ್ಕು ಮಗ್ಗುಲಲ್ಲೂ ಅದೇ ಕಥೆ. ಅಜ್ಜಿಯ ದನಿ ಸಂತೆಯಲ್ಲಿ ಕೈತಪ್ಪಿದ ಮುದುಕಿಯ ಹಾಗೆ ಒಮ್ಮೆ ಕಾಣಿಸುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು.

ಗೆಳತಿಯರು ನಗುವುದೋ ಬಿಡುವುದೋ ತಿಳಿಯದೆ ಎದ್ದು ಹೋದರು. ಅಕ್ಕ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಅಜ್ಜಿ ಗಂಟಲನ್ನ ಡಾಕ್ಟ್ರು ತೆಗೆದ್ರು. ಉಳಿದಿದ್ದನ್ನ ನೀನು ತೆಗೆದೆ," ಎಂದಳು. ಆಮೇಲೆ ನನ್ನೊಡನೆ ಮಾತು ಬಿಟ್ಟಳು.

ಮರುದಿನ ಮೊದಲ ಬಸ್ಸಿಗೇ ತೂಬಗೆರೆಗೆ ಹೋದೆ. ಹಳೆಯ ಕ್ಯಾಸೆಟ್ ತಂದು, ಈ ಸಲ ಮಗ್ಗ ನಿಲ್ಲಿಸಿ ಇಳಿಸಿದರಾಯಿತು, ಏನು ಮಹಾ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಚಿಕ್ಕಪ್ಪ ತೋಟದಲ್ಲಿದ್ದ. ಕ್ಯಾಸೆಟ್ ಎಲ್ಲಿ ಎಂದರೆ, ತಲೆಯ ಮೇಲೆ ಕೈ ತೋರಿಸಿದ. ನೋಡಿದೆ. ದ್ರಾಕ್ಷಿ ಚಪ್ಪರದ ಮೇಲೆ ಕಲ್ಲುಕಂಬದಿಂದ ಕಲ್ಲುಕಂಬಕ್ಕೆ ಕಂದು ಬಣ್ಣದ ಟೇಪು ಹೊಳೆಯುತ್ತ, ಗಾಳಿಗೆ ಗುಂಯ್‌ಗುಡುತ್ತ ಹರಡಿಕೊಂಡಿತ್ತು. ಹಣ್ಣಿಗೆ ಬರುವ ಹಕ್ಕಿಗಳು ಆ ಹೊಳಪಿಗೂ ಸದ್ದಿಗೂ ಹೆದರುತ್ತವೆಂದು ಆಗ ಎಲ್ಲ ತೋಟದವರೂ ಹಳೇ ಟೇಪು ಕಟ್ಟುತ್ತಿದ್ದರು.

"ನೀನೇ ಹೇಳಿದ್ಯಲ್ಲೋ, ಏನಾದ್ರೂ ಮಾಡ್ಕೊಳಿ ಅಂತ," ಎಂದ ಚಿಕ್ಕಪ್ಪ. ನನ್ನ ಮುಖ ನೋಡಿ ಸಮಾಧಾನ ಮಾಡಲು ಹೊರಟ. "ಒಂದು ಮಾತು ಹೇಳ್ತೀನಿ ಕೇಳು. ನಮ್ಮಮ್ಮನ ಹಾಡು ಕಟ್ಟಿದ್ಮೇಲೆ ಒಂದು ಗಿಳೀನೂ ಈ ಕಡೆ ತಲೆ ಹಾಕಿಲ್ಲ ಕಣೋ. ಪಕ್ಕದ ತೋಟದೋರು ಬೇರೆ ಯಾರದೋ ಹಾಡು ಕಟ್ಟಿದ್ದಾರೆ. ಅಲ್ಲಿ ಅರ್ಧ ಬೆಳೆ ಹಕ್ಕೀಗೆ."

ನಾನು ಏಣಿ ಹಾಕಿ ಟೇಪು ಬಿಡಿಸತೊಡಗಿದೆ. ಬಿಸಿಲಿಗೆ ಸುರುಟಿಕೊಂಡು, ಕಂಬ ಕಂಬಕ್ಕೂ ತುಂಡಾಗಿ, ಕೈಗೆ ಬಂದದ್ದು ಒಂದು ತೋಳಿನಷ್ಟು ದಪ್ಪದ ಸಿಕ್ಕು. ಬೇವಿನ ಮರದಡಿ ಅಜ್ಜಿ ಕೂತಿದ್ದಳು. ನಾನು ಸಿಕ್ಕಿನ ಜೊತೆ ಗುದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿದಳು. ನೇಕಾರರ ಮನೆಯ ಹೆಂಗಸಿಗೆ ಸಿಕ್ಕಾದ ಎಳೆ ಕಂಡರೆ ಸುಮ್ಮನಿರಲಾಗುವುದಿಲ್ಲ. ಕೈ ನೀಡಿ, ಕೊಡು ಇಲ್ಲಿ ಎಂದು ಸನ್ನೆ ಮಾಡಿದಳು. ಏನಿದು ಎಂದು ಹುಬ್ಬಿನಲ್ಲೇ ಕೇಳಿದಳು.

"ಏನಿಲ್ಲಜ್ಜಿ. ಯಾವ್ದೋ ಹಳೇ ಹಾಡು," ಎಂದೆ.

ಸೊಂಟದ ಚೀಲದಲ್ಲಿ ಅವಳಿಗೆ ಯಾವಾಗಲೂ ಒಂದೆರಡು ಕಂಡಿಕೆ ಇರುತ್ತಿದ್ದವು, ಅಭ್ಯಾಸಬಲ. ಒಂದನ್ನು ತೆಗೆದು, ಸಿಕ್ಕಿನ ತುದಿ ಹುಡುಕಿ, ತುಂಡಾದ ಕಡೆ ನೂಲಿಗೆ ಹಾಕುವಂತೆ ಕಣ್ಣಿಗೆ ಕಾಣದಷ್ಟು ಸಣ್ಣ ಗಂಟು ಹಾಕಿ, ಸುತ್ತತೊಡಗಿದಳು. ಮಧ್ಯಾಹ್ನದ ತನಕ ಸುತ್ತಿದಳು. ತನ್ನ ದನಿಯನ್ನು ತಾನೇ ಸುತ್ತುತ್ತಿದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳಲು ನನಗೆ ಧೈರ್ಯ ಬರಲಿಲ್ಲ. ಹಿಡಿದಷ್ಟನ್ನು ಸುತ್ತಿ, ಅಚ್ಚುಕಟ್ಟಾಯಿತೇ ಎಂದು ಬೆಳಕಿಗೆ ಹಿಡಿದು ನೋಡಿ, ಕಂಡಿಕೆಯನ್ನು ನನ್ನ ಕೈಗಿಟ್ಟಳು. ಅದರಿಂದ ಒಂದು ಮೊಳ ಟೇಪು ಬಿಚ್ಚಿ ಖಾಲಿ ಕ್ಯಾಸೆಟ್ಟಿಗೆ ಸೇರಿಸಿ ನೋಡಿದೆ. ಬಂದದ್ದು ಎಣ್ಣೆಯಲ್ಲಿ ಹಪ್ಪಳ ಬಿಟ್ಟ ಸದ್ದು.

ಮದುವೆ ನಮ್ಮ ಮನೆಯ ಮುಂದೆಯೇ, ಬೀದಿಗೆ ಚಪ್ಪರ ಹಾಕಿ. ಮದುವೆಮನೆಯಿದ್ದರೆ ಧಾರೆ ಮುಗಿಯುವ ತನಕ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಹಾಕುವುದಿಲ್ಲ. ಅಪ್ಪನೂ ನಾಲ್ಕು ಮಗ್ಗಗಳಿಗೆ ಅರಿಶಿನ ಕುಂಕುಮವಿಟ್ಟು, ಬಟ್ಟೆ ಹೊದೆಸಿ, ಶೆಡ್ಡಿಗೆ ಬೀಗ ಹಾಕಿದ್ದ. ಹಾಗಾಗಿ ಬೀದಿಗೆ ಬೀದಿಯೇ ಸ್ತಬ್ಧ. ಅಮ್ಮ ಹಾಡಲು ಬೇರೆ ಮುತ್ತೈದೆಯರಿಗೆ ಹೇಳಿಟ್ಟಿದ್ದಳು. ಆದರೆ ಹಸೆಮಣೆಯ ಪಕ್ಕ ನಿಂತು ಅಕ್ಕ, ಎಂಟು ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಹೇಳಿದಳು:

"ಹಾಕೋ ಅದನ್ನೇ. ಎಷ್ಟು ಕೇಳಿಸುತ್ತೋ ಅಷ್ಟು ಕೇಳಿಸ್ಲಿ."

ಹಾಕಿದೆ. ಖಟಕ್ ಪಟಕ್ ಎಂದು ಮಗ್ಗ ಶುರುವಾಯಿತು. ಅದರ ಹಿಂದಿನಿಂದ ಅಜ್ಜಿ ಅಕ್ಕನನ್ನು ಹಸೆಗೆ ಕರೆದಳು. ಅಕ್ಕ ತಲೆತಗ್ಗಿಸಿ ಕೂತಳು.

ಕಂಬದ ಪಕ್ಕ ಕೂತಿದ್ದ ಅಜ್ಜಿ ಮಾತ್ರ ಚಡಪಡಿಸತೊಡಗಿದಳು. ಅಪ್ಪನ ಪಂಚೆ ಜಗ್ಗಿ, ಹಿತ್ತಲ ಕಡೆ ಬೆರಳು ತೋರಿಸಿ, ಹಸೆಮಣೆಯ ಕಡೆ ತೋರಿಸಿ, ಹಣೆ ಚಚ್ಚಿಕೊಂಡಳು. ಮನೆಯ ಹುಡುಗಿ ಹಸೆಗೆ ಕೂತಿರುವಾಗ ಮಗ್ಗ ಹಾಕಿದ್ದೀಯಲ್ಲೋ ಪಾಪಿ ಎಂದು ಅದರ ಅರ್ಥ. ಅಪ್ಪ ಅವಳ ಕಿವಿಯಲ್ಲಿ ಏನೋ ಹೇಳಿದ. ಅಜ್ಜಿ ಟೇಪ್‌ರೆಕಾರ್ಡರ್ ನೋಡಿದಳು, ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಜ್ಜಿಯ ಭುಜ ಕುಲುಕುತ್ತಿತ್ತು. ಸದ್ದಿಲ್ಲದ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆದರೆ ಬೀಗಿತಿ, ಗಂಡಿನ ತಾಯಿ, ನಗಲಿಲ್ಲ. ಎಲ್ಲರಿಗೂ ಕೇಳಿಸುವ ಹಾಗೆ ರಾಗ ಎಳೆದಳು. "ಏನ್ ಬೀಗ್ರೇ, ಮಗಳ ಮದುವೆ ದಿನಾನೂ ಮಗ್ಗ ನಿಲ್ಸಕ್ಕೆ ಮನಸ್ಸು ಬರ್ಲಿಲ್ವಾ? ಎಷ್ಟು ದುಡೀತೀರಪ್ಪಾ ನೀವು!"

ಅಪ್ಪನ ಮುಖ ಸಣ್ಣದಾಯಿತು. "ಬನ್ನಿ ತಾಯಿ, ಒಂದ್ನಿಮಿಷ ಬನ್ನಿ," ಎಂದು ಆಕೆಯನ್ನು ಹಿಂದಕ್ಕೆ ಕರೆದೊಯ್ದು ಶೆಡ್ಡಿನ ಬೀಗ ತೆಗೆದು ತೋರಿಸಿದ. ಬಟ್ಟೆ ಹೊದ್ದು ಮಲಗಿದ ನಾಲ್ಕು ಮಗ್ಗ. ಸದ್ದು ಮಾತ್ರ ಓಡುತ್ತಲೇ ಇದೆ. ಬೀಗಿತಿ ಒಂದು ಸಲ ಮಗ್ಗ ನೋಡಿದಳು, ಒಂದು ಸಲ ಅಪ್ಪನನ್ನು ನೋಡಿದಳು, "ಶಿವನೇ!" ಎಂದು ಎದೆ ಹಿಡಿದುಕೊಂಡು ಚಪ್ಪರಕ್ಕೆ ಬಂದುಬಿಟ್ಟಳು. ಅಪ್ಪ ಹಿಂದೆಯೇ ಓಡಿಬಂದು ನನ್ನನ್ನು ತೋರಿಸಿ, ನಾನು ಮಾಡಿದ ಘನಕಾರ್ಯವನ್ನು ಮೊದಲಿಂದ ಕಡೆಯ ತನಕ ಹುಂಜದ ಸಮೇತ ವಿವರಿಸಿದ. ಆಕೆ ಕೇಳಿ ಮುಗಿಸುವುದಕ್ಕೂ, ಕ್ಯಾಸೆಟ್ಟಿನಲ್ಲಿ ಮುಂದಿನ ಹಾಡು ಬರುವುದಕ್ಕೂ ಸರಿಹೋಯಿತು. ಅದು ಬೀಗರ ಹಾಡು.

ದೂರದಿಂದ ಬಂದಾಳೆ ದೊಡ್ಡ ಬೀಗಿತಿ
ಊರ ಸುದ್ದಿ ಕೇಳ್ಯಾಳೆ ಉಣ್ಣೋ ಹೊತ್ತಲಿ

ಮಗ್ಗದ ಸದ್ದು ಆ ಕ್ಷಣಕ್ಕೆ ತಗ್ಗಿತ್ತು. ಇಳಿಸಿದ ದಿನ ಬಹುಶಃ ಆ ಹೊತ್ತಿಗೆ ಸರಿಯಾಗಿ ಎಳೆ ಕಡಿದು ಹತ್ತಿರದ ಮಗ್ಗ ನಿಲ್ಲಿಸಿದ್ದರೋ ಏನೋ, ಆ ಎರಡು ಸಾಲು ಮಾತ್ರ ಗಂಟೆ ಹೊಡೆದ ಹಾಗೆ ಸ್ಪಷ್ಟ. ಹೆಂಗಸರೆಲ್ಲ ಗೊಳ್ಳೆಂದರು. ಕೊನೆಗೆ ಬೀಗಿತಿಯೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ದನಿಯಿಲ್ಲದ ಅಜ್ಜಿಯ ಮುಂದೆ ಹೋಗಿ, "ಏನಮ್ಮಾ, ದನಿ ಹೋದ್ರೂ ನಿಮ್ ಬಾಯಿ ಹೋಗಿಲ್ವಲ್ಲ!" ಎಂದಳು. ಅಜ್ಜಿ ಆಕೆಯ ಕೆನ್ನೆ ಹಿಂಡಿದಳು.

ಮದುವೆಯಾಗಿ ಎರಡು ವಾರಕ್ಕೆ ಅಕ್ಕನನ್ನು ನೋಡಲು ಸೂಲಿಬೆಲೆಗೆ ಹೋದೆ. ಕಣ್ಣು ಗುಳಿಬಿದ್ದಿದ್ದವು. ಅತ್ತೆ ಏನಾದರೂ ಅಂದರಾ ಎಂದು ಹೆದರಿದೆ.

"ಇಲ್ಲ ಕಣೋ. ಎಲ್ರೂ ಚೆನ್ನಾಗೇ ನೋಡ್ಕೋತಾರೆ. ನಿದ್ದೆ ಬರಲ್ಲ ಅಷ್ಟೇ. ಏನು ಮೌನ ಅಂತೀಯ ಇಲ್ಲಿ! ಕೊಟ್ಟಿಗೇಲಿ ಎಮ್ಮೆ ಮೆಲುಕು ಹಾಕೋದೂ ಕೇಳಿಸುತ್ತೆ." ಆಚೀಚೆ ನೋಡಿ ದನಿ ತಗ್ಗಿಸಿದಳು. "ಆ ಕ್ಯಾಸೆಟ್ ತಂದ್ಕೊಡೋ."

"ಅಜ್ಜಿ ಹಾಡೇ ಸರಿಯಾಗಿ ಕೇಳ್ಸಲ್ವಲ್ಲೇ ಅದ್ರಲ್ಲಿ."

"ಮಗ್ಗ ಕೇಳಿಸುತ್ತಲ್ಲ."

ಕೊಟ್ಟೆ. ಅದನ್ನು ಹಾಕಿಕೊಂಡು ಮಲಗುತ್ತಿದ್ದಳಂತೆ. ಮೊದಮೊದಲು ಗೊಣಗುತ್ತಿದ್ದ ಅತ್ತೆ ಆಮೇಲಾಮೇಲೆ, "ಆ ಮಗ್ಗದ ಹಾಡು ಹಾಕಮ್ಮ," ಎಂದು ತಾವೇ ಕೇಳುತ್ತಿದ್ದರಂತೆ. ಅಜ್ಜಿ ಮರುವರ್ಷ ತೀರಿಕೊಂಡಳು. ಅಪ್ಪನೂ ಹೋಗಿ ಬಹಳ ದಿನವಾಯಿತು. ನಾಲ್ಕು ಮಗ್ಗಗಳನ್ನು ಮಾರಿದೆವು. ಶೆಡ್ಡಿನ ಜಾಗದಲ್ಲಿ ಈಗ ಬಾಡಿಗೆಯವರ ಸ್ಕೂಟರ್ ನಿಲ್ಲುತ್ತದೆ. ಆ ಕ್ಯಾಸೆಟ್ಟನ್ನು ಅಕ್ಕನಿಂದ ತಂದು ಕಂಪ್ಯೂಟರಿಗೆ ಏರಿಸಿದವನು ನಾನೇ. ಈ ಸಲ ವೈರು ಕೊಟ್ಟು. ಪಾಠ ಬಂದಿತ್ತಲ್ಲ.

ಇಷ್ಟು ಕೇಳಿದ ಸಿಂಧು ಕಂಡಿಕೆಯನ್ನು ಮೇಜಿನ ಮೇಲಿಟ್ಟು, "ಅಯ್ಯೋ ಅಪ್ಪ, ಈಗ ಆ ಮಗ್ಗದ ಸೌಂಡ್ ತೆಗೆಯೋದು ಹತ್ತು ನಿಮಿಷದ ಕೆಲಸ," ಎಂದಳು. ತೆಗೆದೇಬಿಟ್ಟಳು. ಅದೇನು ಒತ್ತಿದಳೋ, ಮಗ್ಗ ಮಾಯವಾಗಿ ಅಜ್ಜಿ ಒಬ್ಬಳೇ ಉಳಿದಳು. ಹಿಂದೆ ಕೋಗಿಲೆಯೂ ಇತ್ತು. ಮೂವತ್ತು ವರ್ಷಗಳಿಂದ ಹೊತ್ತುಕೊಂಡಿದ್ದ ಅಪವಾದ ನನ್ನ ತಲೆಯಿಂದ ಇಳಿದ ಹಾಗಾಯಿತು. ತಕ್ಷಣ ಅಕ್ಕನ ಫೋನಿಗೆ ಕಳಿಸಲು ಹೇಳಿದೆ. ಇವತ್ತಾದರೂ ಅವಳು ನನ್ನನ್ನು ಮನಸಾರೆ ಕ್ಷಮಿಸುತ್ತಾಳೆಂದು ಕಾದು ಕೂತೆ.

ಹತ್ತು ನಿಮಿಷಕ್ಕೆ ಅಕ್ಕನ ಫೋನ್ ಬಂತು.

"ಅಜ್ಜಿ ಎಷ್ಟು ಚೆನ್ನಾಗಿ ಹಾಡಿದ್ದಾಳೆ ಅಲ್ವೇನೋ," ಎಂದಳು. ಆಮೇಲೆ ಕೇಳಿದಳು:

"ಯಾಕೋ ಸೀನ, ಕರೆಂಟ್ ಹೋಗಿತ್ತೇನೋ?"

ಹಸಿರು ಗೆರೆ ಕೊನೆ ಮುಟ್ಟಿತ್ತು. ಈಗ ಅಜ್ಜಿಯ ಫೈಲುಗಳು ಎರಡಾಗಿವೆ, ಯಾವುದನ್ನು ಇಡಲಿ, ಏನೆಂದು ಹೆಸರು ಹಾಕಲಿ ಎಂದಳು ಸಿಂಧು. ಎರಡನ್ನೂ ಇಡು ಎಂದೆ. ನಾನು ಹೇಳಿದಂತೆಯೇ ಒಂದಕ್ಕೆ 'ಅಜ್ಜಿ, ಕರೆಂಟ್ ಇದ್ದಾಗ' ಎಂದೂ ಇನ್ನೊಂದಕ್ಕೆ 'ಅಜ್ಜಿ, ಕರೆಂಟ್ ಹೋದಾಗ' ಎಂದೂ ಬರೆದಳು. ಕಂಡಿಕೆಯನ್ನು ಹಾರ್ಡ್ ಡಿಸ್ಕಿನ ಜೊತೆ ಅದೇ ಡ್ರಾಯರಿನಲ್ಲಿಟ್ಟಿದ್ದೇನೆ. ಲ್ಯಾಪ್‌ಟಾಪಿನಲ್ಲಿರುವುದನ್ನು ಇನ್ನೂ ಅಳಿಸಲು ಬಿಟ್ಟಿಲ್ಲ.